ನೀರಿಗೆ ಬಿಡುವ ಅಂಟು

ಗಾಣದ ಗ್ರೀಸು ಮೆತ್ತಿದ ಕೈ ಸೀಮೆಎಣ್ಣೆ ಕೇಳುತ್ತದೆ. ಬೆಲ್ಲ ಮೆತ್ತಿದ ಕೈಗೆ ಬರೀ ನೀರು ಸಾಕು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅಂಟಿನ ಬಗ್ಗೆ ಗೊತ್ತಿದ್ದದ್ದು ಇಷ್ಟೇ.

ಇನ್ನೊಂದು ಗೊತ್ತಿತ್ತು. ಕಡಿದ ಕಬ್ಬು ಗಾಣಕ್ಕೆ ಬರುವುದು ತಡವಾದರೆ ರಸ ಹುಳಿಯಾಗುತ್ತದೆ. ಎಷ್ಟು ಕುದಿಸಿದರೂ ಅಚ್ಚಿಗೆ ಹೊಯ್ದ ಬೆಲ್ಲದ ಪೆಂಟೆ ಬಿಗಿಯುವುದಿಲ್ಲ, ಗಾಳಿಯ ತೇವ ಹೀರಿ ಮೈಯೆಲ್ಲ ಅಂಟಾಗುತ್ತದೆ. ಅಂಥದ್ದನ್ನು ನಿಪ್ಪಾಣಿ ಪೇಟೆಯಲ್ಲಿ ಯಾರೂ ಮೂಸುವುದಿಲ್ಲ. ನಾನು ಅದನ್ನು ಬೇಡಕಿಹಾಳಕ್ಕೆ ಕೊಟ್ಟ ತಂಗಿ ಶಾಂತವ್ವನಿಗೆ ಕಳಿಸುತ್ತಿದ್ದೆ. ಹಂಗಾಮಿನ ಮೊದಲ ಪೆಂಟೆ ಮನೆಮಗಳಿಗೆ ಹೋಗಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಮೊದಲನೆಯದು ಯಾವುದೆಂದು ಬೆಲ್ಲವೇನು ಬಾಯಿ ಬಿಟ್ಟು ಹೇಳುತ್ತದೆಯೇ?

ಈ ವರ್ಷ ಕೈಯಲ್ಲಿ ಕಳಿಸಲು ಯಾರೂ ಸಿಗದೆ ನಾನೇ ಹೋದೆ. ಪೆಂಟೆಗೆ ಸುತ್ತಿದ್ದ ಪೇಪರ್ ಬಿಡಿಸಲು ಹೋದರೆ ಬರಲೊಲ್ಲದು. ಬಂದಷ್ಟು ಕಡೆ ಅಕ್ಷರಗಳೆಲ್ಲ ಬೆಲ್ಲದ ಮೇಲೆ ತಿರುವುಮುರುವಾಗಿ ಮೂಡಿದ್ದವು.

ಶಾಂತವ್ವ ನಕ್ಕಳು. "ಅಣ್ಣಾ, ಪ್ರತಿ ವರ್ಷ ನಿನ್ನ ಬೆಲ್ಲದಾಗ ಸುದ್ದಿ ಓದತೇವಿ ನೋಡು. ಉಲ್ಟಾ ಇರತಾವು, ಅಷ್ಟ. ಖರೇ ಹೇಳು, ಗಟ್ಟಿ ಪೆಂಟಿ ನಿಪ್ಪಾಣಿಗೆ ಹೋದೂವಲ್ಲ?"

ಆಕೆಗೆ ಎಲ್ಲ ಗೊತ್ತಿತ್ತು! ನಾನು ಹರಿದ ಪೇಪರನ್ನು ಮತ್ತೆ ಪೆಂಟೆಯ ಮೇಲೆ ಮುಚ್ಚಲು ಹೋದೆ.

ಚಿಕ್ಕೋಡಿ ಕಾಲೇಜಿನಲ್ಲಿ ಓದುವ ಆಕೆಯ ಮಗಳು ಬೆರಳು ನೆಕ್ಕುತ್ತ ಮಾತು ತಿರುಗಿಸಿದಳು. "ಮಾಮಾ, ಯಾವದರ ಅಂಟಬೇಕಂದ್ರ ಅದು ಮೊದಲ ಕಾಗದದ ಸಣ್ಣಸಣ್ಣ ತಗ್ಗಿನ್ಯಾಗ ಇಳೀಬೇಕ್ರಿ. ಆಮ್ಯಾಲ ಎಳದರೂ ಬಿಡಬಾರದು. ನೀರು ಇಳೀತೈತಿ, ಹಿಡಿಯೂದಿಲ್ಲ. ಗಟ್ಟಿ ಬೆಲ್ಲ ಇಳಿಯೂದ ಇಲ್ಲ."

ಹುಡುಗಿ ಬೆಲ್ಲದ ಮಾತು ಆಡುತ್ತಿದ್ದಳು; ನನಗೆ ನನ್ನದೇ ಮಾತು ಎನಿಸಿತು. ಹೋದ ವರ್ಷ ಶಾಂತವ್ವ ಕಾಲು ಮುರಿದುಕೊಂಡು ಮಲಗಿದಾಗಲೂ ಪೆಂಟೆ ಕಳಿಸಿ ಕೈ ತೊಳೆದುಕೊಂಡಿದ್ದೆ. ಬಂದು ನೋಡಿರಲಿಲ್ಲ. ಆಕೆಯ ತಗ್ಗಿಗೆ ಇಳಿಯದ ಗಟ್ಟಿ ಪೆಂಟೆ ನಾನೇ. ನಡೆಯುವಾಗ ಆಕೆ ಇನ್ನೂ ಕುಂಟುವುದನ್ನು ನಾನು ಕಂಡದ್ದೂ ಅಂದೇ.

"ತಪ್ಪಾತ ತಂಗಿ. ನಾಳೆ ಚೊಲೋ ಪೆಂಟಿ ತರತೇನಿ," ಎಂದೆ.

"ಪೆಂಟಿ ಯಾರ ಕೈಯಾಗರ ಕಳಸು. ನೀ ಮಾತ್ರ ಬಂದು ಹೋಗಿ ಮಾಡಕೋತ ಇರು. ಏಳು, ಕೈ ತೊಳಕೋ, ಊಟಕ್ಕ ಕೂಡು."

ಹಿತ್ತಲಿಗೆ ಹೋಗಿ ಕೈಗೆ ನೀರು ಹಾಕಿಕೊಂಡೆ. ಬೆಲ್ಲದ ಅಂಟು ಒಂದೇ ತಂಬಿಗೆಗೆ ಬಿಟ್ಟಿತು. ಆದರೂ ತೊಳೆಯುತ್ತಲೇ ನಿಂತೆ. ತಿರುಗಿ ಆಕೆಯ ಮುಖ ನೋಡಲು ಇನ್ನೂ ಸ್ವಲ್ಪ ನೀರು ಬೇಕಾಗಿತ್ತು.