ಕಿಟಕಿಗೆ ಹಚ್ಚುವ ಬಣ್ಣ

ಕಾರು ನನ್ನ ಕೈಗೆ ಬಂದಾಗ ಅದರ ಮೈಮೇಲೆ ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿತ್ತು. ಹುಬ್ಬಳ್ಳಿಯಲ್ಲಿದ್ದ ನಮ್ಮ ಇಲಾಖೆಯ ಹಿರಿಯ ಡಾಕ್ಟರರೊಬ್ಬರು ಅದನ್ನು ಬೇವಿನ ಮರದ ಕೆಳಗೆ ವರ್ಷಗಟ್ಟಲೆ ನಿಲ್ಲಿಸಿಬಿಟ್ಟಿದ್ದರು. ನಿವೃತ್ತಿಯ ದಿನ ಹತ್ತಿರ ಬಂದಾಗ, "ಕೊಟ್ಟಷ್ಟು ಕೊಟ್ಟು ಒಯ್ಯಪ್ಪಾ, ಜಾಗಾ ಖಾಲಿ ಆಗ್ಲಿ" ಎಂದರು. ಇಂಜಿನ್ನು ರಿಪೇರಿ ಆಗುವಷ್ಟರಲ್ಲಿ ನನ್ನ ಉಳಿತಾಯ ಮುಗಿದಿತ್ತು. ಬಣ್ಣದ ಕೆಲಸಕ್ಕೆ ಹುಬ್ಬಳ್ಳಿಯ ಪೇಂಟರ್ ಹೇಳಿದ ದರ ಕೇಳಿ, ನಾಳೆ ಬರುತ್ತೇನೆಂದು ಸುಳ್ಳು ಹೇಳಿ ಹೊರಗೆ ಬಂದೆ. ಅಲ್ಲಿಂದ ಊರಿನವರೆಗೆ ಗಾಡಿ ಓಡಿಸುತ್ತಾ ಬರುವಾಗಲೇ ತೀರ್ಮಾನ ಆಗಿತ್ತು. ನಾನೇ ಹಚ್ಚುವುದು.

ಆಗ ನಾನು ದನದ ಡಾಕ್ಟರ್. ಎಂಬತ್ತರ ದಶಕದ ನಡುಭಾಗ. ನವಲಗುಂದ ತಾಲೂಕಿನಲ್ಲಿ, ತಿರ್ಲಾಪುರ ದಾಟಿ ಮುಂದೆ ಹೋದರೆ ಸಿಗುವ ಒಂದು ಹಳ್ಳಿ. ಸುತ್ತಲಿನ ಊರುಗಳ ದನಕರುಗಳೆಲ್ಲ ನನ್ನ ಪಾಲಿಗೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಸೈಕಲ್ಲನ್ನು ನಾನು ಹೊತ್ತದ್ದೇ ಹೆಚ್ಚು. ಹಾಗಾಗಿ ಕಾರು ಬೇಕಿತ್ತು ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಎರೆಮಣ್ಣು ಹಸಿಯಾದಾಗ ಕಾರೂ ಹೋಗುವುದಿಲ್ಲ. ಭಾನುವಾರ ಹೊತ್ತು ಹೋಗುತ್ತಿರಲಿಲ್ಲ, ಅದೇ ನಿಜವಾದ ಕಾರಣ.

ನನ್ನ ಮನೆ ಊರಿನ ಹೊರಗೆ, ದವಾಖಾನೆಯ ಹಿಂದೆ ಇತ್ತು. ಊರೊಳಗೆ ಬಾಡಿಗೆಗೆ ಮನೆ ಕೇಳಿದಾಗ ಮೊದಲು "ಬರ್ರಿ ಡಾಕ್ಟ್ರ, ನೋಡ್ರಿ" ಎಂದವರು, ಎರಡು ದಿನ ಬಿಟ್ಟು ಹೋದಾಗ "ಮಗ ಬರಾಂವ ಅದಾನ್ರಿ" ಎಂದಿದ್ದರು. ಆ ಎರಡು ದಿನದಲ್ಲಿ ನಾನು ಯಾರ ಪೈಕಿ ಎಂಬುದು ಅವರಿಗೆ ಗೊತ್ತಾಗಿತ್ತು. ನಮ್ಮಪ್ಪ ಬೌದ್ಧ ಧರ್ಮ ಸ್ವೀಕರಿಸಿ ಆಗಲೇ ಬಹಳ ವರ್ಷಗಳಾಗಿದ್ದವು. ನಮ್ಮ ಮನೆಯ ಗೋಡೆಯ ಮೇಲಿನ ಪಟಗಳು ಬದಲಾಗಿದ್ದವು, ಊರ ಮಂದಿಯ ಬಾಯಿ ಬದಲಾಗಿರಲಿಲ್ಲ. ಹಾಗಂತ ಯಾರೂ ನನಗೆ ಒಂದು ಕೆಟ್ಟ ಮಾತೂ ಆಡಿದವರಲ್ಲ. ಸಾಹೇಬ್ರ ಎನ್ನುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಓಡಿ ಬರುತ್ತಿದ್ದರು. ಕೆಲಸ ಮುಗಿದ ಮೇಲೆ ದನದ ಕೊಟ್ಟಿಗೆಯಲ್ಲೇ ಚಹಾ ಕೊಡುತ್ತಿದ್ದರು. ಆ ಗ್ಲಾಸು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿರುತ್ತಿತ್ತು. ಕುಡಿದ ಮೇಲೆ ನಾನೇ ತೊಳೆದು ಅಲ್ಲೇ ಇಡುತ್ತಿದ್ದೆ. ಸಂಜೆ ಐದಕ್ಕೆ ದವಾಖಾನೆಯ ಬಾಗಿಲು ಹಾಕಿದರೆ ಮರುದಿನ ಬೆಳಿಗ್ಗೆಯವರೆಗೆ ನನ್ನ ಜೊತೆ ಮಾತಾಡುವವರು ಇರಲಿಲ್ಲ. ಮದುವೆ ಆಗಿರಲಿಲ್ಲ. ರೇಡಿಯೋ ಇತ್ತು.

ಬಣ್ಣ ತರಲು ನವಲಗುಂದಕ್ಕೆ ಹೋದೆ. ಅಂಗಡಿಯವರು ಕಾರಿನ ಬಣ್ಣ ತಮ್ಮಲ್ಲಿ ಸಿಗುವುದಿಲ್ಲವೆಂದರು. ಮೂಲೆಯಲ್ಲಿ ಹಸಿರು ಎಣ್ಣೆಬಣ್ಣದ ಡಬ್ಬಿಗಳು ಧೂಳು ತಿನ್ನುತ್ತಾ ಕೂತಿದ್ದವು. ಯಾರೋ ಹೇಳಿ ತರಿಸಿ, ಒಯ್ಯದೆ ಬಿಟ್ಟವು. ಅರ್ಧ ಬೆಲೆಗೆ ಕೊಡುತ್ತೀರಾ ಎಂದು ಕೇಳಿದೆ.

"ಕೊಡೂಣ್ರಿ. ಆದ್ರ ಇದು ಕಿಟಕಿಗೆ ಹಚ್ಚೂ ಬಣ್ಣ ಐತ್ರಿ" ಎಂದರು.

"ಕಾರಿಗೂ ಕಿಟಕಿ ಇರ್ತಾವಲ್ರಿ" ಎಂದೆ.

ಅವರು ನಕ್ಕರು. ನಾನೂ ನಕ್ಕೆ. ಆ ವಾರದಲ್ಲಿ ನಾನು ಇನ್ನೊಬ್ಬರ ಜೊತೆ ನಕ್ಕದ್ದು ಅದೊಂದೇ ಸಲ ಇರಬೇಕು. ಅದಕ್ಕೇ ಇವತ್ತಿಗೂ ನೆನಪಿದೆ. ಕೆಂಪು ಪ್ರೈಮರು, ತಗ್ಗು ತುಂಬಲು ಪುಟ್ಟಿ, ಉಜ್ಜುವ ಕಾಗದ, ಎರಡು ಕುಂಚ ಇಷ್ಟನ್ನು ಕಟ್ಟಿಸಿಕೊಂಡೆ. ಹೊರಡುವಾಗ ಅವರು ಹಿಂದಿನಿಂದ ಕೂಗಿ, "ಹಚ್ಚೂದು ದೊಡ್ಡ ಮಾತಲ್ರಿ, ಉಜ್ಜೂದ ದೊಡ್ಡ ಮಾತು" ಎಂದರು.

ಅದು ಎಷ್ಟು ನಿಜ ಎಂಬುದು ಮೊದಲ ಭಾನುವಾರವೇ ತಿಳಿಯಿತು. ಉಜ್ಜಲು ನೀರು ಬೇಕು. ಆ ಊರಿನ ಬಾವಿಯ ಉಪ್ಪುನೀರು ತಗಡಿಗೆ ತುಕ್ಕು ಹಿಡಿಸುತ್ತದೆ, ಕೆರೆಯ ನೀರು ಕುಡಿಯಲು, ಸ್ನಾನಕ್ಕೆ ಸಾಕಾಗುವಷ್ಟೇ. ಸ್ನಾನದ ನೀರನ್ನೇ ಬಕೆಟ್ಟಿನಲ್ಲಿ ಹಿಡಿದಿಟ್ಟು, ಅದರಲ್ಲಿ ಕಾಗದ ಅದ್ದಿ ಉಜ್ಜುತ್ತಿದ್ದೆ. ಬೂದು ಬಣ್ಣ ಹೋದರೆ ಕೆಳಗೆ ಕೆನೆ ಬಣ್ಣ. ಅದು ಹೋದರೆ ಕಡುನೀಲಿ. ಅದರ ಕೆಳಗೆ ತಗಡು. ಒಂದು ಬಾಗಿಲಿಗೆ ಒಂದು ಭಾನುವಾರ ಹಿಡಿಯಿತು. ಬೆರಳ ತುದಿಗಳು ಸವೆದು ನುಣ್ಣಗಾದವು. ಸೋಮವಾರ ಕರುವಿನ ಕುತ್ತಿಗೆಯಲ್ಲಿ ರಕ್ತನಾಳ ಹುಡುಕಿದರೆ ಬೆರಳಿಗೆ ಸಿಗುತ್ತಿರಲಿಲ್ಲ. ಆದರೂ ಆ ಕೆಲಸ ನನಗೆ ಹಿಡಿಸಿತು. ಉಜ್ಜುವ ಸದ್ದು ಅಂಗಳದಲ್ಲಿ ತುಂಬಿಕೊಳ್ಳುತ್ತಿತ್ತು. ರೇಡಿಯೋ ಹಚ್ಚುವುದನ್ನೂ ಮರೆಯುತ್ತಿದ್ದೆ.

ದಾರಿಯ ಆಚೆ ಬದಿಗೆ ಒಬ್ಬ ಹೆಂಗಸಿನ ಮನೆ ಇತ್ತು. ಅರವತ್ತರ ಹತ್ತಿರದ ವಿಧವೆ. ಐದಾರು ಆಡು ಸಾಕಿಕೊಂಡು ಒಬ್ಬಳೇ ಇದ್ದಳು. ಎರಡು ವರ್ಷದಲ್ಲಿ ನಮ್ಮಿಬ್ಬರ ನಡುವೆ ಮಾತಾದದ್ದು ಆಡುಗಳ ಹೊಟ್ಟೆಹುಳದ ಬಗ್ಗೆ ಮಾತ್ರ, ಅದೂ ದವಾಖಾನೆಯಲ್ಲಿ. ಮೂರನೇ ಭಾನುವಾರ ಅವಳು ತನ್ನ ಕಟ್ಟೆಯ ಮೇಲಿಂದಲೇ ಕೇಳಿದಳು.

"ಏನ್ ಮಾಡಾಕ್ಹತ್ತೀರಿ ಡಾಕ್ಟ್ರ?"

"ಕಾರಿಗೆ ಬಣ್ಣ ಹಚ್ಚಾಕ್ಹತ್ತೀನಿ."

"ಹಚ್ಚೂದೆಲ್ಲಿ, ಇದ್ದದ್ದನ್ನ ಕೆರದ ತಗ್ಯಾಕ್ಹತ್ತೀರಲ್ರಿ."

"ತಗದ ಮ್ಯಾಲ ಹಚ್ಚೂದು."

ಅವಳು ಸ್ವಲ್ಪ ಹೊತ್ತು ನೋಡಿ, "ಅಗದಿ ಹುಚ್ಚರ ಕೆಲಸ" ಎಂದು ಎದ್ದು ಹೋದಳು. ಮುಂದಿನ ಭಾನುವಾರ ಮತ್ತೆ ಬಂದು ಕೂತಳು.

ಬಣ್ಣ ಹಚ್ಚುವ ಹೊತ್ತಿಗೆ ಹತ್ತಿ ಬಿಡಿಸುವ ಕಾಲ ಬಂದಿತ್ತು. ಗಾಜುಗಳಿಗೆ ಹಳೆಯ ಪೇಪರುಗಳನ್ನು ಜೋಳದ ಹಿಟ್ಟಿನ ಅಂಟಿನಿಂದ ಅಂಟಿಸಿದೆ. ಬೆಳಿಗ್ಗೆ ಗಾಳಿ ಇಲ್ಲದಾಗ ಮೊದಲ ಸಲ ಹಸಿರು ಹಚ್ಚಿದೆ. ಮುಗಿಸಿ ಹಿಂದೆ ಸರಿದು ನೋಡಿದರೆ ಕಣ್ಣು ತುಂಬುವಂತಿತ್ತು. ಒಂದು ತಾಸಿನ ಮೇಲೆ ಹತ್ತಿ ತುಂಬಿದ ಚಕ್ಕಡಿಗಳು ಸಾಲಾಗಿ ದಾರಿ ಹಿಡಿದು ಹೋದವು. ಕರಿ ಧೂಳೂ ಬಿಳಿ ಎಳೆಗಳೂ ಕೂಡಿ ಬಂದು ಹಸಿ ಬಣ್ಣದ ಮೇಲೆ ಕೂತವು. ಮಧ್ಯಾಹ್ನದ ಹೊತ್ತಿಗೆ ಕಾರಿಗೆ ಮೀಸೆ ಗಡ್ಡ ಬಂದಂತಾಗಿತ್ತು. ಒಳಗೆ ಹೋಗಿ ಚಾಪೆಯ ಮೇಲೆ ಮಲಗಿಬಿಟ್ಟೆ. ಇಂಥ ಹೊತ್ತಿನಲ್ಲಿ ಬೈಯಲಿಕ್ಕಾದರೂ, ನಗಲಿಕ್ಕಾದರೂ ಮನೆಯಲ್ಲಿ ಒಬ್ಬರು ಇರಬೇಕು ಅನ್ನಿಸಿತು. ಕಾರಿನ ದುಃಖಕ್ಕಿಂತ ಅದೇ ಹೆಚ್ಚಾಯಿತು.

ಮತ್ತೆ ಉಜ್ಜಿದೆ. ಹದಿನೈದು ದಿನ ಬಿಟ್ಟು ಎರಡನೇ ಸಲ ಹಚ್ಚುವಾಗ, ನಸುಕಿನಲ್ಲೇ ಎದ್ದು ಸುತ್ತಲಿನ ನೆಲಕ್ಕೆ ಉಪ್ಪುನೀರು ಚಿಮುಕಿಸಿ ಧೂಳು ಅಡಗಿಸಿದೆ. ಚಕ್ಕಡಿಗಳು ಬರದ ದಿನ ನೋಡಿಕೊಂಡಿದ್ದೆ. ಎಂಟು ಗಂಟೆಗೆ ಕೊನೆಯ ಬಾಗಿಲು ಮುಗಿಯಿತು. ಕುಂಚ ತೊಳೆಯುತ್ತಿರುವಾಗ ದಾರಿಯಲ್ಲಿ ಒಬ್ಬ ರೈತ ಬಂದು ನಿಂತ. ಅಂಗಳದೊಳಗೆ ಬರದೆ ಅಲ್ಲಿಂದಲೇ ಹೇಳಿದ.

"ಸಾಹೇಬ್ರ, ಎತ್ತಿನ ಹೊಟ್ಟಿ ಉಬ್ಬೇತ್ರಿ. ನೆಲಕ್ಕ ಬಿದ್ದೈತಿ."

ಸೈಕಲ್ ಹತ್ತಿ ಅವನ ಹಿಂದೆ ಹೋದೆ. ಎತ್ತಿನ ಎಡಹೊಟ್ಟೆ ನಗಾರಿಯಂತೆ ಬಿಗಿದಿತ್ತು. ಕೊಳವೆ ಚುಚ್ಚಿ ಗಾಳಿ ಬಿಟ್ಟೆ. ಎಣ್ಣೆ ಕುಡಿಸಿದೆ. ಎರಡು ತಾಸಿನ ಮೇಲೆ ಅದು ಎದ್ದು ನಿಂತಿತು. ರೈತನ ಹೆಂಡತಿ ಎತ್ತಿನ ಕೊರಳು ಹಿಡಿದು ಅತ್ತಳು. ಆಮೇಲೆ ಮೇಲಿಂದ ನೀರು ಹುಯ್ದು ನನ್ನ ಕೈ ತೊಳೆಸಿದಳು. ಗೂಡಿನ ಗ್ಲಾಸಿನಲ್ಲಿ ಚಹಾ ಬಂತು.

ಮನೆಗೆ ಮರಳಿದರೆ ಕಾರಿನ ಎಡಬಾಗಿಲಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಪಟ್ಟೆ ಬಣ್ಣ ಕಿತ್ತುಹೋಗಿತ್ತು. ಅದರ ತುಂಬ ಕರಿಯ ಕೂದಲು. ನೋಡುತ್ತಾ ನಿಂತಿರುವಾಗ ಎದುರಿನ ಮನೆಯವಳು ಒಂದು ಆಡಿನ ಕಿವಿ ಹಿಡಿದುಕೊಂಡು ದಾರಿ ದಾಟಿ ಬಂದಳು. ಆಡು ಕರಿಯದು. ಅದರ ಒಂದು ಮಗ್ಗುಲು ಪೂರಾ ಹಸಿರಾಗಿತ್ತು. ಅವಳು ನನ್ನ ಅಂಗಳದಲ್ಲಿ ಕಾಲಿಟ್ಟದ್ದು ಅದೇ ಮೊದಲು.

"ಹಗ್ಗಾ ಹರಕೊಂಡ ಬಂದೈತ್ರಿ. ನಾ ನೋಡೂದ್ರಾಗ ಮೈ ತಿಕ್ಕಿಬಿಡ್ತು. ನೀವು ಬೈದ್ರ ಬೈರಿ, ಮೊದ್ಲ ಇದನ್ನ ನೋಡ್ರಿ. ನೆಕ್ಕಾಕ್ಹತ್ತೇತಿ."

ಶೇಂಗಾ ಎಣ್ಣೆ ತಂದು ಅರಿವೆಯಲ್ಲಿ ಅದ್ದಿ ಆಡಿನ ಮೈ ತಿಕ್ಕಿದೆ. ಅವಳು ಕೊಂಬು ಹಿಡಿದು ಕೂತಳು. ಮುಕ್ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತು ಅವಳು ಮಾತಾಡಿದಳು. ಗಂಡ ಕುರಿ ಮೇಯಿಸಲು ದೂರದ ಸೀಮೆಗೆ ಹೋದವನು ಅಲ್ಲೇ ತೀರಿಕೊಂಡದ್ದು, ಸುದ್ದಿ ಬಂದದ್ದು ತಿಂಗಳಾದ ಮೇಲೆ ಎಂಬುದು. ಮಗಳನ್ನು ಕಲಘಟಗಿ ಕಡೆ ದುಮ್ಮವಾಡಕ್ಕೆ ಕೊಟ್ಟದ್ದು. ಆ ಮಗಳು ಬರುವುದು ವರ್ಷಕ್ಕೊಮ್ಮೆ.

"ಬ್ಯಾಸರಾಗೂದಿಲ್ಲೇನ್ರಿ ಒಬ್ರಿಗೆ?" ಎಂದು ಕೇಳಿದಳು.

"ಆಗ್ತದ."

"ಅದಕ್ಕ ಕಾರ್ ಉಜ್ಜಾಕ್ಹತ್ತೀರಿ."

ಹೌದೆಂದೆ. ಅಷ್ಟು ನೇರವಾಗಿ ಅದನ್ನು ನನಗೆ ಯಾರೂ ಕೇಳಿರಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತರುತ್ತೇನೆ, ಕುಡಿದು ಹೋಗಬೇಕು ಎಂದೆ. ಅವಳ ಮುಖದ ಮೇಲಿನ ಸಲಿಗೆ ಒಮ್ಮೆಲೇ ಇಳಿಯಿತು. ಆಡಿನ ಹಗ್ಗ ಹುಡುಕುವವಳಂತೆ ಕೆಳಗೆ ನೋಡಿದಳು.

"ಈಗರ ಕುಡದ ಬಂದೀನ್ರಿ" ಎಂದಳು.

ಆ ಮಾತನ್ನು ನಾನು ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ನಮ್ಮ ಮನೆಗೆ ಬಂದವರೆಲ್ಲ ಆಗತಾನೇ ಕುಡಿದು ಬಂದವರೇ ಇರುತ್ತಿದ್ದರು. ಆಗಲಿ ಎಂದೆ. ಅವಳು ಆಡು ಎಳೆದುಕೊಂಡು ಹೋದಳು.

ಎಡಬಾಗಿಲನ್ನು ಮೂರನೇ ಸಲ ಉಜ್ಜಿ ಹಚ್ಚಿದೆ. ಬಣ್ಣ ಪೂರ್ತಿ ಒಣಗಿದ ಮೇಲೆ ಒಂದು ದಿನ ಪೇಪರು ಕಿತ್ತು, ಗಾಜು ಒರೆಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರು ಹೊರಗೆ ತೆಗೆದೆ. ಯಾರಿಗೆ ತೋರಿಸಬೇಕೆಂದು ಗೊತ್ತಿರಲಿಲ್ಲ. ನವಲಗುಂದಕ್ಕೆ ಹೋಗಿ ಬಣ್ಣದ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವರು ಹೊರಗೆ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು.

"ಕುಂಚದ ಗೆರಿ ಕಾಣ್ತಾವ್ರಿ" ಎಂದರು. ಬಾಗಿಲಿನ ಮೇಲೂ ಅಂಗೈ ಆಡಿಸಿ, "ಆದ್ರ ಬಣ್ಣ ಛಲೋ ಕುಂತೇತಿ" ಎಂದರು. ಗಿರಾಕಿ ಬಂದದ್ದರಿಂದ ಅವರು ಒಳಗೆ ಹೋದರು.

ತಿರುಗಿ ಬರುವಾಗ ದಾರಿಯಲ್ಲಿ ನಮ್ಮೂರ ಬಸ್ಸು ಕೆಟ್ಟು ನಿಂತಿತ್ತು. ಹದಿನೈದು ಇಪ್ಪತ್ತು ಮಂದಿ ಬಿಸಿಲಿನಲ್ಲಿ ಇಳಿದು ನಿಂತಿದ್ದರು. ಹೆಚ್ಚಿನವರು ನನ್ನ ಗುರುತಿನವರೇ. ಕೆಲವರ ದನಗಳನ್ನು ನಾನು ಉಳಿಸಿದ್ದೆ. ಕಾರು ನಿಲ್ಲಿಸಿ, ನಾಲ್ಕು ಮಂದಿ ಬರಬಹುದು ಎಂದೆ. ಒಬ್ಬರ ಮುಖ ಒಬ್ಬರು ನೋಡಿದರು.

"ನೀವು ಹೋಗ್ರಿ ಸಾಹೇಬ್ರ. ಇನ್ನೊಂದ ಬಸ್ ಬರ್ತೈತಂತ" ಎಂದರು ಒಬ್ಬರು. ಇನ್ನೊಬ್ಬರು, "ಹೊಸಾ ಬಣ್ಣ ಐತಿ, ನಮ್ಮ ಮೈ ಧೂಳ ಹತ್ತೀತು" ಎಂದರು. ಅವರ ಧ್ವನಿಯಲ್ಲಿ ಮರ್ಯಾದೆ ಇತ್ತು. ಇನ್ನೊಂದು ಬಸ್ಸು ಸಂಜೆಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೇರು ಹಾಕಿದೆ.

ಆಗ ಗುಂಪಿನ ಹಿಂದಿನಿಂದ ಗಂಟು ಹೊತ್ತುಕೊಂಡು ಎದುರಮನೆಯವಳು ಬಂದಳು. "ಕಾಲ ನೋಯಾಕ್ಹತ್ತಾವ. ನಾ ಬರ್ತೀನ್ರಿ" ಎಂದವಳೇ ಮುಂದಿನ ಬಾಗಿಲು ಎಳೆದಳು. ಆಡು ಮೈ ತಿಕ್ಕಿದ್ದ ಬಾಗಿಲೇ ಅದು. ಅವಳು ನನ್ನ ಪಕ್ಕ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಆ ಕಾರಿನಲ್ಲಿ ನನ್ನ ಜೊತೆ ಮೊದಲು ಕೂತವಳು ಅವಳು. ಬಿಳಿಜೋಳದ ಹೊಲಗಳ ನಡುವೆ ಗಾಡಿ ಓಡಿತು. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಳಿ ನೋಡಿದಳು. ನಾನು ಎಷ್ಟು ನಿಧಾನ ಓಡಿಸಬಹುದೋ ಅಷ್ಟು ನಿಧಾನ ಓಡಿಸಿದೆ.

ಊರು ಮುಕ್ಕಾಲು ಮೈಲಿ ಇರುವಾಗ ಕಾಲುವೆಯ ಸೇತುವೆ ಬಂತು.

"ಇಲ್ಲೇ ನಿಲ್ಲಿಸ್ರಿ" ಎಂದಳು.

"ಮನಿ ಮುಂದನ ಇಳಸ್ತೀನಿ. ಎದುರಾಬದುರೇ ಇದೀವಲ್ಲ."

"ಬ್ಯಾಡ್ರಿ. ಇಲ್ಲಿಂದ ನಡದ ಹೋಗ್ತೀನಿ."

ಕಾಲು ನೋಯುತ್ತವೆಂದು ಕಾರು ಹತ್ತಿದವಳು. ಅವಳು ನನ್ನ ಮುಖ ನೋಡದೆ ಇಳಿದು, ಗಂಟನ್ನು ತಲೆಯ ಮೇಲಿಟ್ಟುಕೊಂಡಳು. ಅವಳು ಮರೆಯಾಗುವವರೆಗೆ ಅಲ್ಲೇ ನಿಂತಿದ್ದೆ. ಹಿಂದಿನಿಂದ ಹೋಗಿ ಅವಳನ್ನು ದಾಟುವುದು ನನ್ನಿಂದ ಆಗುತ್ತಿರಲಿಲ್ಲ.

ಆಮೇಲಿನ ಎರಡು ವರ್ಷದಲ್ಲಿ ಅವಳು ಆ ಕಾರಿನಲ್ಲಿ ಹಲವು ಸಲ ಬಂದಳು. ಸಂತೆಯ ದಿನ ನವಲಗುಂದದಲ್ಲಿ ನನಗಾಗಿ ಕಾಯುತ್ತಿದ್ದಳು. ದಾರಿಯುದ್ದಕ್ಕೂ ಮಗಳ ಸುದ್ದಿ, ಆಡಿನ ಸುದ್ದಿ ಹೇಳುತ್ತಿದ್ದಳು. ನನಗೆ ಹೆಣ್ಣು ನೋಡುವ ಮಾತೂ ಆಡಿದ್ದುಂಟು. ಕಾಲುವೆ ಬಂದ ಕೂಡಲೇ ಗಂಟು ಕೈಗೆತ್ತಿಕೊಳ್ಳುತ್ತಿದ್ದಳು. ಅವಳು ಹೇಳುವ ಮೊದಲೇ ನಾನು ಬ್ರೇಕು ಹಾಕುತ್ತಿದ್ದೆ. ಕೆಲವು ದಿನ ಸಿಟ್ಟು ಬರುತ್ತಿತ್ತು. ಇನ್ನು ಹತ್ತಿಸಿಕೊಳ್ಳಬಾರದು ಎಂದುಕೊಳ್ಳುತ್ತಿದ್ದೆ. ಮುಂದಿನ ಸಂತೆಗೆ ಅವಳು ನಿಲ್ಲುವ ಜಾಗಕ್ಕೆ ನಾನೇ ಮೊದಲು ಹೋಗಿ ಕಾಯುತ್ತಿದ್ದೆ.

ವರ್ಗವಾಗಿ ದೇವಿಕೊಪ್ಪದ ಕಡೆ ಹೋಗಬೇಕಾಯಿತು. ಕೊನೆಯ ಸಂತೆಯ ದಿನ ಕಾರಿನಲ್ಲಿ ಅದನ್ನು ಅವಳಿಗೆ ಹೇಳಿದೆ. ಅವಳು ತೊಡೆಯ ಮೇಲಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಅಲ್ಲಿ ಮಂದಿ ಹ್ಯಾಂಗ ಅದಾರೋ ಏನೋ" ಎಂದಳು ಆಮೇಲೆ.

"ಇಲ್ಲಿಯವರ ಹಾಂಗನ ಇರ್ತಾರ" ಎಂದೆ.

ನೋಯಿಸಬೇಕೆಂದು ಅಂದದ್ದಲ್ಲ. ಆದರೂ ಅವಳು ತಲೆ ತಗ್ಗಿಸಿದಳು. ಸೇತುವೆ ಬಂತು, ನಿಲ್ಲಿಸಿದೆ. ಅವಳು ಬಾಗಿಲಿನ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದಳು. ಇಂಜಿನ್ನು ಆರಿಸದೆ ನಾನೂ ಕಾದೆ. ಕಾಲುವೆಯ ಏರಿಯ ಮೇಲಿಂದ ಯಾರೋ ಇಬ್ಬರು ಹುಲ್ಲಿನ ಹೊರೆ ಹೊತ್ತುಕೊಂಡು ಬರುತ್ತಿದ್ದರು. ಅವರು ಹತ್ತಿರ ಬರುವ ಮೊದಲು ಅವಳು ಇಳಿದಳು.