ಸಂಗಣ್ಣನ ಕಡೆಯ ಸವಾಲು

ಲಗ್ಗೆರೆಯಲ್ಲಿ ನನ್ನದೊಂದು ಖಾನಾವಳಿ ಇದೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬಾಗಲಕೋಟೆ ಕಡೆಯ ಗಂಡಸರು ಎರಡು ಹೊತ್ತೂ ರೊಟ್ಟಿ ತಿನ್ನುವುದು ನನ್ನ ಹತ್ತಿರವೇ. ಸಂಗಣ್ಣನೂ ಅವರಲ್ಲೊಬ್ಬ. ದಿನವಿಡೀ ಪಾತ್ರೆಗೆ ಪಾಲಿಶ್ ಹಾಕಿ, ಆ ಧೂಳು ಕುಡಿದೂ ಕುಡಿದೂ ಅವನ ಗಂಟಲು ಕೆಟ್ಟಿತ್ತು. ಆದರೂ ಹಾಡು ಬಿಟ್ಟಿರಲಿಲ್ಲ. ಅವನ ಅವ್ವ ಮಹಾದೇವಿ ಊರಲ್ಲಿ ಸವಾಲ್ ಜವಾಬ್, ಅಂದರೆ ಹಾಡಿಗೆ ಹಾಡಿನಲ್ಲೇ ಉತ್ತರ ಕೊಡುವ ಮೇಳದಲ್ಲಿ, ಹಾಡಿದವಳು. ಇಲ್ಲಿಗೆ ಬಂದು ಇಟ್ಟಿಗೆ ಹೊತ್ತೇ ಸತ್ತಳು.

ಇಲ್ಲಿಯ ಹುಡುಗರು ಭಾನುವಾರ ಮಧ್ಯಾಹ್ನ ಒಂದು ಖಾಲಿ ಗೋಡೌನಿನಲ್ಲಿ ರ‍್ಯಾಪ್ ಪಂದ್ಯ ನಡೆಸುತ್ತಾರೆ. ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಹಾಡಿನಲ್ಲೇ ಕಿಚಾಯಿಸಬೇಕು. ನೆರೆದವರ ಕೂಗು ಯಾರಿಗೆ ಜಾಸ್ತಿಯೋ ಅವರು ಗೆದ್ದಂತೆ. ಸಂಗಣ್ಣ ಆಗಲೇ ಹಲವು ಸಲ ಸೋತಿದ್ದ.

"ಸಾಕಾಗೇತಿ ಚನ್ನಕ್ಕಾ. ಈ ಸಲ ಸೋತ್ರ ಹಾಡೂದ ಬಿಡತೀನಿ. ಅವ್ವನ ಆಣಿ" ಅಂದ.

ಹಾಡು ಬಿಟ್ಟರೆ ಆ ಮನುಷ್ಯನಲ್ಲಿ ಇನ್ನೇನು ಉಳಿಯಿತು? ಆ ಭಾನುವಾರ ಖಾನಾವಳಿಯ ಬಾಗಿಲು ಎಳೆದುಕೊಂಡು, ಊಟದ ಗಿರಾಕಿಗಳನ್ನೆಲ್ಲ ಟೆಂಪೋಕ್ಕೆ ತುಂಬಿಕೊಂಡು ನಾನೇ ಹೊರಟೆ.

ಎದುರಾಳಿ ದೀಪು. ಸಂಗಣ್ಣ ಬಾಡಿಗೆಗಿರುವ ಮನೆಯ ಒಡತಿ ಭದ್ರಮ್ಮನ ಮಗ. ಪುಟಿಯುತ್ತ ಬಂದವನೇ ಬೆರಳು ಚಾಚಿದ:

"ಮೇಲೆ ಮನೆ ನಂದು ಮಗಾ, ಕೆಳಗೆ ರೂಮು ನಿಂದು,
ನಮ್ಮಮ್ಮ ವಾಲ್ವ್ ತಿರುಗ್ಸಿದ್ರೇನೇ ನಿಂಗೆ ಸ್ನಾನ ಇಂದು!"

ಹುಡುಗರು ಹುಚ್ಚೆದ್ದು ಕುಣಿದರು. ಶಿಳ್ಳೆಗೆ ತಗಡಿನ ಮಾಡೇ ಅದುರಿತು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ.

ಸಂಗಣ್ಣ ಮೊದಲು ಎದುರಾಳಿಗೆ ಕೈಮುಗಿದ. ಅಲ್ಲೇ ಯಾರೋ ಕಿಸಕ್ಕೆಂದರು. ಆಮೇಲೆ ಒಂದು ಕೈ ಕಿವಿಗಿಟ್ಟು, ನಿಧಾನವಾಗಿ ದನಿ ಎತ್ತಿದ:

"ನೀರ ಬಿಡತಾಳ ನಿಮ್ಮವ್ವ ತಮ್ಮಾ, ಶರಣ ಆ ತಾಯಿಗಿ,
ಇಟ್ಟಂಗಿ ಹೊತ್ತಾಳ ನಮ್ಮವ್ವ, ಹೆಗಲ ಕೊಟ್ಟಾಳ ಆ ಮಾಳಿಗಿಗಿ."

ಒಡೆದ ದನಿಯೇ. ಆದರೂ ನನ್ನ ಮೈ ಜುಮ್ಮೆಂದಿತು. ದೀಪು ಕೂಡ ತಲೆ ತಗ್ಗಿಸಿದ. ಮುಂದಿದ್ದ ಹುಡುಗರು ಮಾತ್ರ ಮೊಬೈಲ್ ನೋಡುತ್ತಿದ್ದರು. ಹಿಂದೆ ಕೂತಿದ್ದ ನಮ್ಮವರು ಗಪ್‌ಚಿಪ್. ಊರಲ್ಲಿ ಹಾಡಿಕೆ ನಡೆದಾಗ ಕೆಮ್ಮು ಬಂದರೂ ಎದ್ದು ಹೊರಗೆ ಹೋಗುವ ಜನ ಇವರು. ದೊಡ್ಡ ಹಾಡಿಗೆ ಉಸಿರು ಬಿಗಿಹಿಡಿದು ಕೂರುವುದೇ ಇವರ ಮರ್ಯಾದೆ.

ಪಂದ್ಯ ನಡೆಸುವ ಹುಡುಗ ದೀಪುವಿನ ಕೈ ಎತ್ತಿದ. ಕಿವಿ ತೂತು ಬೀಳುವಷ್ಟು ಕೂಗು. ಸಂಗಣ್ಣನ ಕೈ ಎತ್ತಿದ. ನಾನೊಬ್ಬಳೇ ಗಂಟಲು ಹರಿಯುವಂತೆ ಒದರಿದೆ. ನಮ್ಮ ನೀಲಪ್ಪ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದ. ಉಳಿದವರು ಕೈಮುಗಿದಿದ್ದರು.

"ಸೌಂಡೇ ಇಲ್ವಲ್ಲಣ್ಣ" ಅಂದ ಆ ಹುಡುಗ.

ಹೊರಗೆ ಟೆಂಪೋ ಹತ್ತಿರ ಬಂದದ್ದೇ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡೆ. "ನಿಮ್ಮ ಬಾಯಿಗೇನ್ ಬಡದಿತ್ರೋ? ಗೆಲ್ಲೂದು ಕೂಗಿನ ಮ್ಯಾಲ ಅಂತ ದಾರಿ ತುಂಬ ಬಡಕೊಂಡೆ!"

"ಅಂಥಾ ಹಾಡಿಗಿ ಹೆಂಗ ಒದರೂದ ಬೇ ಚನ್ನಕ್ಕಾ?" ಅಂದ ನೀಲಪ್ಪ. "ಬಾಯೇ ಬರಲಿಲ್ಲ."

"ಹಂಗಾರ ಹೋತು. ಇನ್ನ ಅಂವ ಹಾಡೂದಿಲ್ಲ. ಆಣಿ ಮಾಡ್ಯಾನ."

ಆಣೆಯ ಮಾತು ಅವರಿಗೆ ಗೊತ್ತಿರಲಿಲ್ಲ. ಮುಖಗಳು ಕಪ್ಪಿಟ್ಟವು. ಅಷ್ಟರಲ್ಲಿ ಸಂಗಣ್ಣ ಕಾಲೆಳೆಯುತ್ತ ಬಂದ. ನೀಲಪ್ಪನೇ ಮೊದಲು ಬಾಯಿಗೆ ಬೆರಳಿಟ್ಟು ಶಿಳ್ಳೆ ಹಾಕಿದ. ಉಳಿದವರೂ ಶುರುಮಾಡಿದರು. ಲಾರಿ ನಿಲ್ಲಿಸಿ ಜನ ನೋಡಿದರು. ಟೆಂಪೋದ ಮೈ ಬಡಿದು, ಹುಚ್ಚರ ಹಾಗೆ ಅವನ ಹೆಸರು ಹಿಡಿದು ಕೂಗಿದರು.

ಸಂಗಣ್ಣ ರಸ್ತೆಯಲ್ಲೇ ನಿಂತುಬಿಟ್ಟ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಈಗ್ಯಾಕ್ರೋ" ಅಂದ. "ಈಗ್ಯಾಕ್ರೋ ಅಣ್ಣಗೋಳ್ರಾ."