ಕೊನೆಯ ಸೀನಿಗೆ ಮಂದಿ ಅಂದದ್ದು

ನಮ್ಮ ನಾಟಕ ಕಂಪನಿಯ ಮಾಲಕರಿಗೆ ಒಂದು ರೂಢಿ ಇತ್ತು. ಆಟ ಮುಗಿಯುವ ಹೊತ್ತಿಗೆ ತಲೆಗೆ ಟಾವೆಲ್ ಸುತ್ತಿಕೊಂಡು ಥೇಟರಿನ ಹೊರಗೆ, ಚುರುಮುರಿ ಗಾಡಿಯ ಪಕ್ಕ ಹೋಗಿ ನಿಲ್ಲುತ್ತಿದ್ದರು. ಯಾರೂ ಗುರುತು ಹಿಡಿಯಬಾರದು, ಆದರೆ ಹೊರಗೆ ಬರುವವರ ಮಾತು ಕಿವಿಗೆ ಬೀಳಬೇಕು. "ಮುಂದ ನಿಂತು ಕೇಳಿದ್ರ ಎಲ್ಲಾರೂ ಚಲೋ ಐತ್ರೀ ಅಂತಾರ. ಚಪ್ಲಿ ಹುಡುಕೂವಾಗ ಆಡೂ ಮಾತ ಖರೆ ಮಾತು" ಎನ್ನುತ್ತಿದ್ದರು. ಕಂಪನಿಯ ನಾಟಕಗಳನ್ನು ಬರೆಯುವವರೂ ಅವರೇ ಆಗಿದ್ದರಿಂದ ಕೇಳಿದ್ದೆಲ್ಲ ಅವರಿಗೆ ಹಿತವಾಗಿರುತ್ತಿತ್ತು ಎಂದು ಹೇಳಲಾರೆ.

ನಾನು ಆ ಕಂಪನಿಯಲ್ಲಿ ನಾಯಕಿಯ ಪಾತ್ರ ಮಾಡುತ್ತಿದ್ದೆ. ತಗಡಿನ ಶೆಡ್ಡು ಹಾಕಿಕೊಂಡು ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಇರುವುದು, ಜನ ಕಡಿಮೆಯಾದರೆ ಶೆಡ್ಡು ಬಿಚ್ಚಿಕೊಂಡು ಮುಂದಿನ ಊರಿಗೆ ಹೋಗುವುದು, ಇಷ್ಟೇ ನಮ್ಮ ತಿರುಗಾಟ. ನಾನು ಈಗ ಹೇಳುವ ನಾಟಕ ಗದಗಿನಲ್ಲಿ ಶುರುವಾಯಿತು. ಗಂಡ ಎನ್ನುವವನು ಇನ್ನೊಬ್ಬಳ ಸಲುವಾಗಿ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಹೆಂಡತಿ ರೊಟ್ಟಿ ಬಡಿದು ಮಾರಿ ಮಗಳನ್ನು ಓದಿಸುತ್ತಾಳೆ. ಕೊನೆಯ ಸೀನಿನಲ್ಲಿ ಗಂಡ ಸೋತು, ಸೊರಗಿ ಅವಳ ಬಾಗಿಲಿಗೆ ಬಂದು ನಿಲ್ಲುತ್ತಾನೆ. "ನಾನು ನಿನಗ..." ಎಂದು ಬಾಯಿ ತೆರೆಯುತ್ತಾನೆ. ಮಾತು ಮುಗಿಯುವ ಮೊದಲೇ ನಾನು ಓಡಿಹೋಗಿ ಅವನ ಕಾಲಿಗೆ ಬೀಳಬೇಕು. ಕೀಬೋರ್ಡಿನವನು ದುಃಖದ ರಾಗ ಎಳೆಯುತ್ತಾನೆ, ಪರದೆ ಬೀಳುತ್ತದೆ.

ಗದಗಿನಲ್ಲಿ ನಾಟಕ ಚೆನ್ನಾಗಿಯೇ ನಡೆಯಿತು. ಚುರುಮುರಿ ಗಾಡಿಯಿಂದ ಮಾಲಕರು ತಂದ ಖಬರೆಲ್ಲ ಕಾಮಿಡಿ ಪಾರ್ಟಿನವನದೇ. ಅವನ ಒಂದು ಮಾತನ್ನು ಕಾಲೇಜು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಆಡಿಕೊಂಡು ನಗುತ್ತಿದ್ದರಂತೆ. ನನ್ನ ಬಗ್ಗೆ ಏನಂದರು ಎಂದು ಕೇಳಿದರೆ, "ಅತ್ರು" ಎಂದು ಒಂದೇ ಮಾತಿನಲ್ಲಿ ಹೇಳಿದರು. ನಮ್ಮ ಕಸುಬಿನಲ್ಲಿ ಅದು ಹೊಗಳಿಕೆಯೇ.

ಲಕ್ಷ್ಮೇಶ್ವರಕ್ಕೆ ಬಂದಮೇಲೆ ಒಂದು ದಿನ, ಸಂಜೆಯ ಆಟ ಮುಗಿದು ನಾನು ಮುಖ ಒರೆಸಿಕೊಳ್ಳುತ್ತಿದ್ದಾಗ, ಏಳೆಂಟು ಹೆಣ್ಣುಮಕ್ಕಳು ಮೇಕಪ್ ರೂಮಿನ ಬಾಗಿಲಿಗೆ ಬಂದರು. ಅದೇ ಊರಲ್ಲಿ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವವರು. ನಾಟಕದಲ್ಲಿ ರೊಟ್ಟಿ ಬಡಿಯುವವಳ ಕತೆ ಇದೆ ಎಂದು ಕೇಳಿ, ಕೆಲಸ ಜಲ್ದಿ ಮುಗಿಸಿ ಎಲ್ಲರೂ ಕೂಡಿ ಬಂದಿದ್ದರು.

"ರೊಟ್ಟಿ ಬಡಿಯೂದು ಬರತೈತಿ ನಿಮಗ. ಕೈ ನೋಡಿದೆ" ಎಂದಳು ಅವರಲ್ಲಿ ಹಿರಿಯಳಾದವಳು.

"ಬರತೈತ್ರಿ. ನಮ್ಮವ್ವ ಕಲಿಸ್ಯಾಳ."

"ಎಲ್ಲಾ ಚಲೋ ಮಾಡಿದ್ರಿ. ಕಡೀಕ ಕಾಲಿಗೆ ಬಿದ್ದದ್ದು ನಮಗ ಸೇರಲಿಲ್ಲ."

"ಹಂಗ ಬರದಾರ್ರಿ."

"ಬರದಾವರು ಗಣಮಕ್ಕಳೇನು?"

ಹೌದು ಎಂದೆ. ಬೇರೆಯವರು ನನ್ನ ಜಡೆಗೆ ಕಟ್ಟಿದ್ದ ಚೌರಿ ಕೂದಲು ಮುಟ್ಟಿ ನೋಡಿ, ಎಲ್ಲಿ ತಗೊಂಡಿರಿ ಎಂದು ಕೇಳಿ ಹೋದರು. ನಾನು ಮಾಲಕರಿಗೆ ಈ ಮಾತು ತಿಳಿಸಿದೆ. ಅವರು ತಲೆ ಎತ್ತದೆ, "ಕಾಲಿಗೆ ಬೀಳಲಿಲ್ಲಂದ್ರ ಮಂದಿ ಅಳೂದಿಲ್ಲ. ಅಳಲಿಲ್ಲಂದ್ರ ನಾಳೆ ಮತ್ತೊಬ್ಬರಿಗೆ ಹೇಳೂದಿಲ್ಲ" ಎಂದರು. ಅವರ ಲೆಕ್ಕ ತಪ್ಪು ಎಂದು ನನಗೂ ಅನಿಸಲಿಲ್ಲ. ಅಷ್ಟು ವರ್ಷ ನಾನೂ ಅದೇ ಲೆಕ್ಕದಲ್ಲಿ ಪಾರ್ಟು ಮಾಡಿದವಳು.

ಆಮೇಲೆ ಶಿರಹಟ್ಟಿಗೆ ಹೋದೆವು. ಅಲ್ಲಿ ಒಂದು ಮುಸ್ಲಿಂ ಮನೆತನದವರ ಬಟ್ಟೆ ಅಂಗಡಿ ಇತ್ತು. ಸ್ಟೇಜಿಗೆ ಬೇಕಾದ ಸೀರೆಗಳನ್ನು ನಾನು ಅಲ್ಲಿಯೇ ತೆಗೆದುಕೊಳ್ಳುತ್ತಿದ್ದೆ. ಅಂಗಡಿಯವನ ಹೆಂಡತಿ ಮಧ್ಯಾಹ್ನ ಅಂಗಡಿಯಲ್ಲಿ ಕೂಡುತ್ತಿದ್ದಳು. ಮನೆಯವರನ್ನೆಲ್ಲ ಕರೆದುಕೊಂಡು ಎರಡು ಸಲ ನಾಟಕ ನೋಡಿದ್ದಳು. ಸೀರೆ ಬಿಚ್ಚಿ ತೋರಿಸುತ್ತಲೇ ಕೇಳಿದಳು:

"ಸಿಟ್ಟಾಗೂದಿಲ್ಲ ಅಂದ್ರ ಒಂದ ಮಾತ ಕೇಳ್ತೀನ್ರಿ. ಅವಾ ಏನ ಹೇಳಾಕ ಬಂದಿದ್ದ?"

"ಯಾರ್ರಿ?"

"ನಿಮ್ಮ ಗಂಡ. ನಾಟಕದಾಗ. ನಾನು ನಿನಗ ಅಂತಾನ, ಅಷ್ಟರಾಗ ನೀವು ಹೋಗಿ ಕಾಲಿಗೆ ಬೀಳ್ತೀರಿ. ಅವಾ ಏನ ಹೇಳಾವ ಇದ್ದ ಅನ್ನೂದು ಎರಡೂ ಸಲ ಗೊತ್ತಾಗಲಿಲ್ಲ. ಮನಿಗೆ ಹೋಗಿ ನಾನು, ನಮ್ಮ ಸೊಸಿ ಇದನ್ನ ಮಾತಾಡಿದ್ವಿ. ಮನ್ಯಾಗ ಕರಕೊಳ್ರಿ, ಬ್ಯಾಡ ಅನ್ನೂದಿಲ್ಲ. ಅವನ ಮಾತರ ಮುಗೀಲಿ."

ನಾನು ಸೀರೆ ತೆಗೆದುಕೊಂಡು ಬಂದೆ. ದಾರಿಯುದ್ದಕ್ಕೂ ಅದೇ ಯೋಚನೆ. ಅವನು ಏನು ಹೇಳುವವನಿದ್ದ ಎಂದು ನನಗೂ ಗೊತ್ತಿರಲಿಲ್ಲ. ಆ ಮಾತಿನ ಮುಂದೆ ಬರೆದದ್ದೇ ಇರಲಿಲ್ಲ.

ಅದೇ ದಿನ ಸಂಜೆಯ ಆಟ. ಮೊದಲೇ ನಿಶ್ಚಯ ಮಾಡಿಕೊಂಡೇ ಹೋಗಿದ್ದೆ ಎಂದರೆ ಸುಳ್ಳಾದೀತು. ಕೊನೆಯ ಸೀನು ಬಂತು. ಗಂಡನ ಪಾತ್ರ ಮಾಡುವವರು ನನಗಿಂತ ಬಹಳ ಹಿರಿಯರು, ಸಣ್ಣ ವಯಸ್ಸಿನಲ್ಲೇ ಬಣ್ಣ ಹಚ್ಚಿದವರು. ಬಾಗಿಲ ಚೌಕಟ್ಟು ಹಿಡಿದು ನಿಂತು, "ನಾನು ನಿನಗ..." ಎಂದರು. ನನ್ನ ಕಾಲು ಏಳಲಿಲ್ಲ. ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವರ ಮುಖ ನೋಡುತ್ತ ನಿಂತೆ.

ಅವರು ಮತ್ತೊಮ್ಮೆ "ನಾನು ನಿನಗ" ಎಂದರು. ನಾನು ಮರೆತಿದ್ದೇನೆ ಎಂದುಕೊಂಡಿರಬೇಕು, ಕಣ್ಣಿನಲ್ಲೇ ಸನ್ನೆ ಮಾಡಿದರು. ಕೀಬೋರ್ಡಿನವನು ರಾಗ ಶುರು ಮಾಡಿ ನಿಲ್ಲಿಸಿದ. ಶೆಡ್ಡಿನಲ್ಲಿ ಫ್ಯಾನುಗಳ ಸಪ್ಪಳವೊಂದೇ ಕೇಳುತ್ತಿತ್ತು. ಆಗ ಅವರು ಚೌಕಟ್ಟು ಬಿಟ್ಟು, ಸಣ್ಣ ದನಿಯಲ್ಲಿ, "ನಾನು ನಿನಗ ಮಾಡಬಾರದ್ದು ಮಾಡಿದೆ" ಎಂದರು.

ಹೆಣ್ಣುಮಕ್ಕಳ ಕಡೆಯಿಂದ ಒಂದು ದನಿ ಬಂತು. "ಕೇಳವಲ್ದು. ಜೋರಾಗಿ ಹೇಳ್ರಿ."

ಕೆಲವರು ನಕ್ಕರು. ಗಂಡನ ಪಾತ್ರದವರು ನಗಲಿಲ್ಲ. ಆ ಮಾತನ್ನೇ ಜೋರಾಗಿ, ಕೊನೆಯ ಸಾಲಿಗೆ ಕೇಳುವಂತೆ ಹೇಳಿದರು. ಹೇಳಿ ಹೊಸ್ತಿಲ ಮೇಲೆ ಕುಳಿತುಬಿಟ್ಟರು. "ಒಂದೀಟು ನೀರ ಕೊಡ್ತಿಯೇನು?" ಎಂದರು. ನಾನು ಒಳಗೆ ಹೋಗಿ ಚೊಂಬು ತಂದು ಅವರ ಮುಂದೆ ಇಟ್ಟೆ. ಕೈಗೆ ಕೊಡಲಿಲ್ಲ. ಪರದೆಯವನು ಸ್ವಲ್ಪ ಕಾದು ಪರದೆ ಬಿಟ್ಟ.

ಮೇಕಪ್ ರೂಮಿಗೆ ಬಂದು ಅವರು ಟ್ರಂಕಿನ ಮೇಲೆ ಕುಳಿತರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ.

"ಹೇಳದ ಹಿಂಗ ಮಾಡಬಾರದವಾ. ಎದಿ ಡವಡವ ಅಂತು ನಂದು."

"ತಪ್ಪಾತ್ರಿ."

"ನಾಳೆನೂ ಹಿಂಗ ಮಾಡಾಕಿ ಇದ್ರ ಈಗ ಹೇಳು. ಮಾತ ಇನ್ನೊಂದೀಟು ಕೂಡಿಸ್ಕೋತೀನಿ. ಇವತ್ತು ಬಾಯಿಗೆ ಬಂದದ್ದು ಬಾಳ ಸಣ್ಣದಾತು."

ಆಮೇಲೆ ಮಾಲಕರು ಬಂದರು. ಟಾವೆಲ್ ಇನ್ನೂ ತಲೆಯ ಮೇಲೆಯೇ ಇತ್ತು. "ಯಾರ ಬರದ ನಾಟಕಾ ಇದು?" ಎಂದು ಕೇಳಿದರು. ಟಾವೆಲ್ ಬಿಚ್ಚುತ್ತ, ಹೊರಗೆ ಕೇಳಿದ್ದನ್ನು ಹೇಳತೊಡಗಿದರು. ಒಬ್ಬ, ಗಂಡಸಿನ ಮಾನ ಕಳೆದರು ಎಂದನಂತೆ. ಒಬ್ಬಳು, ನೀರು ಕೊಟ್ಟದ್ದೂ ಹೆಚ್ಚಾಯಿತು ಎಂದಳಂತೆ. ಮತ್ತೊಬ್ಬಳು ಆಟೋದಲ್ಲಿ ಕುಳಿತಮೇಲೂ ಇಳಿದು ಬಂದು, ಪಕ್ಕದ ಮನೆಯವಳ ಜೊತೆ ವಾದ ಮುಗಿಸಿ ಹೋದಳಂತೆ. "ಒಬ್ಬರೂ ಕಾಮಿಡಿ ಬಗ್ಗೆ ಮಾತಾಡ್ಲಿಲ್ಲ ನೋಡು" ಎಂದರು. ಅದು ಬೇಸರವೋ, ಸಂತೋಷವೋ ತಿಳಿಯಲಿಲ್ಲ. ಮರುದಿನ ಹೊಸ ಸೀನನ್ನೇ ಆಡಿ ಎಂದರು. ಶಿರಹಟ್ಟಿಯಲ್ಲಿ ಇರುವವರೆಗೂ ಹಾಗೆಯೇ ಆಡಿದೆವು.

ಮುಂಡರಗಿಯಲ್ಲಿ ಕತೆ ಬೇರೆಯಾಯಿತು. ನಾಟಕ ಹಚ್ಚಿದ ಮರುದಿನವೇ ಅಲ್ಲಿಯ ಒಬ್ಬ ದೊಡ್ಡ ಜಮೀನುದಾರರು ಶೆಡ್ಡಿಗೆ ಬಂದರು. ಕಂಪನಿಗೆ ಜಾಗ ಕೊಡಿಸಿದವರು ಅವರೇ. ಮುಂದಿನ ಸಾಲಿನಲ್ಲಿ ಮನೆಯವರ ಜೊತೆ ಕುಳಿತು ನೋಡಿದ್ದರು. ಗೌರವದಿಂದಲೇ ಮಾತಾಡಿದರು.

"ನಾಟಕಾ ಚಲೋ ಐತ್ರಿ. ಆದ್ರ ಗಂಡ ಬಾಗಲದಾಗ ಕುಂತು ನೀರ ಬೇಡಕೋಬೇಕೇನ್ರಿ? ನಮ್ಮ ಮನಿ ಹೆಣಮಕ್ಕಳಿಗೆ ಏನ ಕಲಸಾಕ ಹತ್ತೀರಿ?"

ಮಾಲಕರು ಚಹಾ ತರಿಸಿದರು. ಆಗಲಿ, ತಿದ್ದುತ್ತೇವೆ ಎಂದರು. ಅವತ್ತಿನಿಂದ ಹಳೆಯ ಸೀನು. ನನಗೆ ಅದರಲ್ಲಿ ದೊಡ್ಡ ದುಃಖವೇನೂ ಆಗಲಿಲ್ಲ. ಪಗಾರ ಕೊಡುವವರು ಹೇಳಿದಂತೆ ಮಾಡುವುದು ರೂಢಿಯಾಗಿತ್ತು.

ತೊಂದರೆಯಾದದ್ದು ಗಂಡನ ಪಾತ್ರದವರಿಗೆ. ಆ ಸಂಜೆ "ನಾನು ನಿನಗ" ಎಂದರು, ನಾನು ಓಡಿಹೋಗಿ ಕಾಲಿಗೆ ಬಿದ್ದೆ. ಅವರ ಮಾತು ನಿಲ್ಲಲಿಲ್ಲ. ಅಭ್ಯಾಸದ ಮೇಲೆ, ಕಾಲಿಗೆ ಬಿದ್ದ ನನ್ನ ತಲೆಯ ಮೇಲೆಯೇ, ಮಾಡಬಾರದ್ದು ಮಾಡಿದೆ, ಮನೆ ಬಿಡಿಸಿದೆ ಎಂದು ಶಿರಹಟ್ಟಿಯಲ್ಲಿ ಕೂಡಿಸಿಕೊಂಡಿದ್ದನ್ನೆಲ್ಲ ಹೇಳಿದರು. ಅವರು ಕ್ಷಮೆ ಕೇಳುತ್ತಿದ್ದಾರೆ, ನಾನು ಅವರ ಪಾದ ಹಿಡಿದಿದ್ದೇನೆ. ಜನ ನಕ್ಕರು. ಮುಂದಿನ ಸಾಲು ಕೂಡ ನಕ್ಕಿತು. ಮರುದಿನವೂ ಅದೇ ಆಯಿತು.

ಮಾಲಕರು ಅವರನ್ನು ಕರೆದು ಕೇಳಿದಾಗ ನಾನು ಅಲ್ಲಿಯೇ ಇದ್ದೆ.

"ಬೇಕಂತ ಮಾಡಾಕ ಹತ್ತಿಲ್ರಿ. ಒಮ್ಮೆ ಪೂರಾ ಆಡಿದ ಮಾತ ಮತ್ತ ಅರ್ಧಕ್ಕ ನಿಲ್ಲವಲ್ದು. ಬಾಯಾಗಿಂದ ತಾನ ಬರತೈತಿ" ಎಂದರು. ಅವರ ಮುಖದಲ್ಲಿ ನಾಚಿಕೆ ಇತ್ತು. ಇಷ್ಟು ವರ್ಷ ಸ್ಟೇಜಿನ ಮೇಲೆ ಮಾತು ತಪ್ಪಿದವರಲ್ಲ ಅವರು.

ಮಾಲಕರು ಬಹಳ ಹೊತ್ತು ಅಡಿಕೆ ಅಗಿಯುತ್ತ ಕುಳಿತರು. ಕೊನೆಗೆ, "ಆತು. ನಗಸೂದಕ್ಕಿಂತ ಬೈಸ್ಕೊಳ್ಳೂದು ಚಲೋ. ನೀರಿನ ಸೀನನ ಮಾಡ್ರಿ" ಎಂದರು. ಜಮೀನುದಾರರಿಗೆ ತಾವೇ ಹೋಗಿ ಹೇಳಿ ಬಂದರು. ಅವರು ಆಮೇಲೆ ನಾಟಕಕ್ಕೆ ಬರಲಿಲ್ಲ, ಜಾಗ ಬಿಡಿ ಎಂದೂ ಹೇಳಲಿಲ್ಲ. ಅವರ ಮನೆಯ ಹೆಣ್ಣುಮಕ್ಕಳು ಮಾತ್ರ ಮುಂದಿನ ವಾರ ಎರಡು ಆಟೋ ಮಾಡಿಕೊಂಡು ಬಂದು, ಈ ಸಲ ಮುಂದೆ ಕೂಡದೆ ನಡುವಿನ ಸಾಲಿನಲ್ಲಿ ಕುಳಿತು ನೋಡಿ ಹೋದರು. ಏನಂದರು ಎಂದು ಮಾಲಕರಿಗೂ ತಿಳಿಯಲಿಲ್ಲ. ಅವರು ಚಪ್ಪಲಿ ಹಾಕಿಕೊಳ್ಳುವಾಗ ಮಾತೇ ಆಡಲಿಲ್ಲವಂತೆ.

ಹೋದ ವರ್ಷ ಮತ್ತೆ ಗದಗಿನಲ್ಲಿ ಕ್ಯಾಂಪ್ ಹಾಕಿದೆವು. ಊರೊಳಗೆ ತಿರುಗುವ ಆಟೋದ ಮೈಕಿನಲ್ಲಿ, ಮಾಲಕರು ಸ್ವತಃ ಬರೆದ ಹೊಸ ರೀತಿಯ ಮುಕ್ತಾಯ ಎಂದು ಕೂಗಿಸುತ್ತಿದ್ದರು. ಅದನ್ನು ಕೇಳಿ ಗಂಡನ ಪಾತ್ರದವರು ನನ್ನ ಮುಖ ನೋಡಿದರು. ಆ ಕ್ಯಾಂಪಿನಲ್ಲಿ ಸ್ಟೇಜಿನ ಮೆಟ್ಟಿಲು ಇಳಿಯುವಾಗ ನನ್ನ ಕಾಲು ಉಳುಕಿತು. ಹೊಸದಾಗಿ ಸೇರಿದ ಒಬ್ಬ ನಟಿ ನನ್ನ ಪಾತ್ರ ಮಾಡಿದಳು. ಬೇರೆ ಕೆಲಸವಿಲ್ಲದ್ದರಿಂದ ನಾನು ಒಂದು ಸಂಜೆ ಕುಂಟುತ್ತ ಹೋಗಿ ಹೆಣ್ಣುಮಕ್ಕಳ ಕಡೆ ಕುರ್ಚಿ ಹಿಡಿದು ಕುಳಿತೆ. ಬಣ್ಣವಿಲ್ಲದ ನನ್ನನ್ನು ಯಾರೂ ಗುರುತಿಸಲಿಲ್ಲ.

ಆ ಹುಡುಗಿ ಚೆನ್ನಾಗಿ ಮಾಡಿದಳು. ಚೊಂಬನ್ನು ಗಂಡನ ಕೈಗೇ ಕೊಟ್ಟಳು. ಅದು ನನಗೆ ಅಷ್ಟು ಹಿಡಿಸಲಿಲ್ಲ. ಪರದೆ ಬಿದ್ದಮೇಲೆ ನನ್ನ ಹಿಂದಿನ ಕುರ್ಚಿಯ ಇಬ್ಬರು, ಅಸುಂಡಿಗೆ ಹೋಗುವ ಕೊನೆಯ ಬಸ್ಸು ತಪ್ಪೀತು ಎಂದು ಅವಸರದಲ್ಲಿ ಏಳುತ್ತಲೇ ಮಾತಾಡಿಕೊಂಡರು.

"ಹ್ವಾದ ವಾರದಾಕಿ ಇನ್ನಾ ಚಲೋ ಮಾಡಿದ್ಲು."

"ಆಕಿನಾ? ಆಕಿ ಮಾರಿ ಮ್ಯಾಲೆ ಬಾಳ ಸೊಕ್ಕಿತ್ತು ಬಿಡ. ಈಕಿನ ಚಲೋ."

"ಸೊಕ್ಕ ಇರಬೇಕಲ್ಲ ಅಲ್ಲೆ."

"ಇರಬೇಕ ಖರೆ. ಅಷ್ಟ್ಯಾಕ?"

ಹಾಗೇ ನನ್ನ ಸೊಕ್ಕಿನ ಮಾತಾಡುತ್ತ ಇಬ್ಬರೂ ಗೇಟಿನ ಕಡೆ ಹೋದರು. ನಾನು ನೂಕುನುಗ್ಗಲು ಕಡಿಮೆಯಾಗುವವರೆಗೂ ಕುಳಿತಿದ್ದು, ಕುರ್ಚಿಗಳ ಬೆನ್ನು ಹಿಡಿದು ಮೆಲ್ಲಗೆ ಹೊರಗೆ ಬಂದೆ.